ರುಚಿ ತಿಳಿಯದ ಪರೀಕ್ಷಕರು ಹಡಗಿನ ಊಟಕ್ಕೆ ಅಂಕ ನೀಡಿದ ಬಗ್ಗೆ

ಪ್ರಯಾಣಿಕ ಹಡಗುಗಳ ಊಟೋಪಚಾರ ತುಲನಾ ಇಲಾಖೆ

ಸಂಖ್ಯೆ: ಊತುಇ/ಪರೀಕ್ಷೆ/ನಾಲಿಗೆ/೪೧(ಅ)

ಸುತ್ತೋಲೆ

ವಿಷಯ: ಹಿರಿಯ ಪರೀಕ್ಷಕರು ಹದಿನಾಲ್ಕು ತಿಂಗಳು ರುಚಿಯ ಸಹಾಯವಿಲ್ಲದೆ ಹಡಗುಗಳ ಊಟವನ್ನು ತುಲನೆ ಮಾಡಿದ ಬಗ್ಗೆ.

ಉಲ್ಲೇಖ:
೧) ಮೂರು ಹಡಗುಗಳ ತುಲನಾ ವರದಿ.
೨) ಉಗ್ರಾಣಪಾಲಕರು ಪಿಸುಮಾತಿನಲ್ಲಿ ಸಲ್ಲಿಸಿದ ದೂರು.
೩) ಪರೀಕ್ಷಕರ ಅಕ್ಕನವರು ಹಾಲಿನ ಚೀಟಿಯ ಹಿಂಬದಿಯಲ್ಲಿ ಬರೆದ ಉತ್ತರ.

೧. ಈ ಇಲಾಖೆಯ ಹಿರಿಯ ಪರೀಕ್ಷಕರು ಇಪ್ಪತ್ತೆರಡು ವರ್ಷಗಳಿಂದ ಹಡಗು ಹತ್ತಿ, ಉಂಡು, ಇಳಿದು, ಅಂಕ ಕೊಡುತ್ತ ಬಂದಿರುತ್ತಾರೆ. ಅಂಗಿಯ ಜೇಬಿನಲ್ಲಿ ಸ್ವಂತ ಚಮಚ ಇಟ್ಟುಕೊಳ್ಳುವುದರಿಂದ ಅವರನ್ನು ಕಚೇರಿಯಲ್ಲಿ 'ಚಮಚದವರು' ಎನ್ನಲಾಗುತ್ತದೆ. ಇದರಲ್ಲಿ ಬೇರೆ ಅರ್ಥವಿಲ್ಲವೆಂದೂ, ಆ ಬೇರೆ ಅರ್ಥಕ್ಕೆ ಸಲ್ಲುವವರು ಕಚೇರಿಯಲ್ಲಿ ಬೇರೆಯೇ ಇದ್ದಾರೆಂದೂ ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೨. ಚಮಚದವರನ್ನು ಕಳೆದ ಋತುವಿನಲ್ಲಿ ಮೂರು ಕಂಪನಿಗಳ ಹಡಗುಗಳಿಗೆ ತಲಾ ಆರು ದಿನ ಕಳುಹಿಸಲಾಗಿತ್ತು. ಹೆಸರು ಹೇಳಿದರೆ ಮೊಕದ್ದಮೆಯಾಗುವ ಸಂಭವವಿರುವುದರಿಂದ ಹಡಗುಗಳನ್ನು ಬಣ್ಣದಿಂದ ಗುರುತಿಸಲಾಗಿದೆ. ಬಿಳಿ ಹಡಗಿನಲ್ಲಿ ಉಣ್ಣುವವರು ಒಬ್ಬರಿದ್ದರೆ ಬಡಿಸುವವರು ಇಬ್ಬರು. ಕೈಗವಸು, ಏಳು ಫೋರ್ಕು, ಮೊರದಗಲದ ತಟ್ಟೆ, ಅದರ ನಡುವೆ ಹೆಬ್ಬೆರಳಿನಷ್ಟು ಮೀನು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ವರದಿಯ ಅಂಚಿನಲ್ಲಿ ಬರೆಯಲಾಗಿದೆ. ನೀಲಿ ಹಡಗಿನಲ್ಲಿ ಬಡಿಸುವವರೇ ಇಲ್ಲ. ಬಫೆಯ ಬಾಗಿಲು ಮುಚ್ಚುವುದೂ ಇಲ್ಲ. ಜನ ತಟ್ಟೆಯ ಮೇಲೆ ಗೋಪುರ ಕಟ್ಟಿಕೊಂಡು, ಅರ್ಧ ತಿಂದು, ಅರ್ಧ ಬಿಟ್ಟು, ಐಸ್‌ಕ್ರೀಮ್ ಯಂತ್ರದ ಮುಂದೆ ಮತ್ತೆ ಸಾಲು ನಿಲ್ಲುತ್ತಾರೆ. ಕೆಂಪು ಚಿಮಣಿಯ ಹಡಗು ಹಳೆಯದು. ಅಲ್ಲಿ ಒಂದೇ ಊಟದ ಕೋಣೆ. ಗಂಟೆ ಹೊಡೆದರೆ ಮಾತ್ರ ಊಟ. ಹನ್ನೆರಡು ಮೇಜಿಗೆ ವಯಸ್ಸಾದ ಒಬ್ಬರೇ ಬಡಿಸುವವರು. ಅಡುಗೆಮನೆ ಕೆಳಗಿದೆ. ಮೆಟ್ಟಿಲು ಹತ್ತೊಂಬತ್ತು, ಅವರಿಗೆ ಮೊಣಕಾಲು ನೋವು. ಸೂಪ್ ಮೇಲಕ್ಕೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

೩. ಚಮಚದವರು ನೂರಕ್ಕೆ ನೀಡಿದ ಅಂಕಗಳು: ಬಿಳಿಗೆ ಅರವತ್ತೊಂದು, ನೀಲಿಗೆ ನಲವತ್ತೆಂಟು, ಕೆಂಪು ಚಿಮಣಿಗೆ ತೊಂಬತ್ತನಾಲ್ಕು. ಈ ಇಲಾಖೆಯಲ್ಲಿ ತೊಂಬತ್ತನ್ನು ಯಾರೂ ದಾಟಿದ ದಾಖಲೆ ಇಲ್ಲ. ತಣ್ಣನೆಯ ಸೂಪಿಗೆ ತೊಂಬತ್ತನಾಲ್ಕು ಹೇಗೆ ಎಂದು ಬಿಳಿ ಕಂಪನಿಯವರು ಪತ್ರ ಬರೆದು ಕೇಳಿದರು. ಇಲಾಖೆಯ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ತನಿಖೆ ನಡೆಸುವುದು ವಾಡಿಕೆ.

೪. ಅಷ್ಟರಲ್ಲಿ ಉಲ್ಲೇಖ (೨)ರ ದೂರು ಬಂದಿತು. ಚಮಚದವರು ಅಕ್ಕನ ಜೊತೆ ವಾಸವಾಗಿರುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಅಕ್ಕನವರು ಅಲಮಾರಿಗೆ ಕಾಗದ ಅಂಟಿಸಲೆಂದು ಮೈದಾ ಅಂಟು ಕುದಿಸಿ, ಒಲೆಯ ಪಕ್ಕದಲ್ಲಿಟ್ಟು, ಹಾಲಿನವನ ಜೊತೆ ಮಾತಿಗೆ ನಿಂತರು. ಒಳಗೆ ಬಂದು ನೋಡಿದರೆ ತಮ್ಮನವರು ಬಟ್ಟಲು ಬಳಿದು ಮುಗಿಸಿದ್ದರು.

"ಗಂಜಿ ಚೆನ್ನಾಗಿದೆ ಅಕ್ಕ, ಇನ್ನೊಂದು ಸೌಟು ಹಾಕು."

"ಅಯ್ಯೋ ನನ್ನಪ್ಪಾ! ಅದು ಅಲಮಾರಿಗೆ ಮಾಡಿದ ಅಂಟು ಕಣೋ! ನಿನ್ನ ನಾಲಿಗೆಗೆ ಏನಾಗಿದೆ?"

ಗೋಡೆಗೂ ಕಿವಿ ಇರುತ್ತದೆ. ಈ ಗೋಡೆಗೆ ಪಕ್ಕದ ಮನೆಯಲ್ಲಿರುವ ಇಲಾಖೆಯ ಉಗ್ರಾಣಪಾಲಕರ ಕಿವಿ ಇತ್ತು. ಇಲಾಖೆಯು ಅಕ್ಕನವರಿಂದ ವಿವರಣೆ ಕೇಳಲಾಗಿ, ಅವರು ಈ ಕೆಳಗಿನಂತೆ ಉತ್ತರಿಸಿರುತ್ತಾರೆ: "ನಮ್ಮನೆ ಅಡುಗೆಮನೆ ನಿಮ್ಮ ಇಲಾಖೆ ಶಾಖೆ ಅಲ್ಲ. ಅಂಟು ತಿಂದಿದ್ದು ನನ್ನ ತಮ್ಮ, ಅರಗಿಸಿಕೊಂಡಿದ್ದೂ ಅವನೇ. ನಿಮಗೇನು ಕಷ್ಟ?" ಇದನ್ನು ಕಡತಕ್ಕೆ ಸೇರಿಸಲಾಗಿದೆ.

೫. ನಿರ್ದೇಶಕರು ಹಾಗೂ ಇಬ್ಬರು ಸದಸ್ಯರ ಸಮಿತಿಯ ಮುಂದೆ ಚಮಚದವರನ್ನು ಹಾಜರುಪಡಿಸಲಾಯಿತು. ಮೇಜಿನ ಮೇಲೆ ಮುಚ್ಚಿದ ನಾಲ್ಕು ಬಟ್ಟಲುಗಳಿದ್ದವು: ಉಪ್ಪು ನೀರು, ಸಕ್ಕರೆ ನೀರು, ನಿಂಬೆರಸ, ಬರೀ ನೀರು. ಚಮಚದವರು ಜೇಬಿನಿಂದ ಚಮಚ ತೆಗೆದರು, ಕರವಸ್ತ್ರದಿಂದ ಒರೆಸಿದರು, ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಟ್ಟಲಿಗೆ ಅದ್ದದೆ ಮೇಜಿನ ಮೇಲಿಟ್ಟರು.

"ಬೇಡ ಸಾರ್. ನನಗೆ ಗೊತ್ತಾಗಲ್ಲ. ಹೋದ ವರ್ಷ ಜ್ವರ ಬಂತಲ್ಲ, ಅವತ್ತಿಂದ ರುಚಿ ಹೋಯ್ತು, ವಾಸನೇನೂ ಹೋಯ್ತು. ಹೇಳಿದ್ರೆ ಕೆಲಸಾನೂ ಹೋಗುತ್ತೆ ಅಂತ ಬಾಯಿ ಮುಚ್ಕೊಂಡು ತಿಂತಿದ್ದೆ."

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ ಸಾಧ್ಯವೆಂದು ಒಬ್ಬ ಸದಸ್ಯರು ಕೇಳಿದ್ದು, ಸದರಿ ಪ್ರಶ್ನೆಯನ್ನು ಕಡತದಿಂದ ತೆಗೆದುಹಾಕಲಾಗಿದೆ.

೬. ಹಾಗಿದ್ದರೆ ಅಂಕ ಕೊಟ್ಟಿದ್ದು ಯಾವ ಆಧಾರದ ಮೇಲೆ ಎಂದು ನಿರ್ದೇಶಕರು ಕೇಳಿದರು.

"ಉಣ್ಣೋರ ಮುಖ ನೋಡ್ತಿದ್ದೆ ಸಾರ್, ಬಡಿಸೋರ ಕಣ್ಣು ನೋಡ್ತಿದ್ದೆ. ಬಿಳಿ ಹಡಗಲ್ಲಿ ಒಬ್ಬರು ಅಜ್ಜ, ಯಾವ ಫೋರ್ಕ್ ಹಿಡೀಬೇಕು ಅಂತ ಗೊತ್ತಾಗದೆ ಆರು ದಿನ ಹಸ್ಕೊಂಡೇ ಎದ್ರು. ಬಡಿಸೋರು ಫೋರ್ಕ್ ನೋಡಿದ್ರು, ಅಜ್ಜನ್ನ ನೋಡ್ಲಿಲ್ಲ. ನೀಲಿ ಹಡಗಲ್ಲಿ ಎಷ್ಟು ಬೇಕಾದ್ರೂ ತಿನ್ನಬಹುದು. ಆದ್ರೆ 'ಸಾಕಾ, ಇನ್ನೊಂದು ಸ್ವಲ್ಪ ಹಾಕ್ಲಾ?' ಅಂತ ಕೇಳೋರು ಒಬ್ಬರೂ ಇಲ್ಲ."

೭. ಕೆಂಪು ಚಿಮಣಿಯ ಹಡಗಿನ ವಿಷಯಕ್ಕೆ ಬಂದಾಗ ಚಮಚದವರ ದನಿ ಇಳಿಯಿತೆಂದು ದಾಖಲಿಸಲಾಗಿದೆ. ಅಲ್ಲಿನ ಬಡಿಸುವವರು ಎರಡು ದಿನ ಇವರ ತಟ್ಟೆಯನ್ನು ಗಮನಿಸಿ, ಮೂರನೆಯ ದಿನ ಪಕ್ಕದಲ್ಲಿ ಬಂದು ನಿಂತರು. "ನಿಮಗೆ ರುಚಿ ಸಿಗ್ತಿಲ್ಲ ಅಲ್ವಾ ಯಜಮಾನ್ರೇ? ನಮ್ಮಮ್ಮನಿಗೂ ಹಿಂಗೇ ಆಗಿತ್ತು" ಎಂದರು. ಒಡಹುಟ್ಟಿದ ಅಕ್ಕನಿಗೆ, ಕಚೇರಿಯ ಎದುರು ಮೇಜಿನ ಗುಮಾಸ್ತರಿಗೆ, ಯಾರಿಗೂ ತಿಳಿಯದ್ದು ಈ ಮನುಷ್ಯನಿಗೆ ತಿಳಿದುಬಿಟ್ಟಿತ್ತು. ಚಮಚದವರಿಗೆ ಸಿಕ್ಕಿಬಿದ್ದ ಭಯವೂ ಆಯಿತು, ಹೊತ್ತ ಮೂಟೆ ಇಳಿಸಿದ ಹಾಗೂ ಆಯಿತು. ಬಡಿಸುವವರು ಹತ್ತೊಂಬತ್ತು ಮೆಟ್ಟಿಲು ಇಳಿದು ಹತ್ತಿ ಬಂದರು. ಮಂಜುಗಡ್ಡೆಯ ಮೇಲಿಟ್ಟ ಸೌತೆಕಾಯಿ ಹೋಳು, ಗರಿಗರಿಯಾಗಿ ಸುಟ್ಟ ಬ್ರೆಡ್ಡು ತಂದಿಟ್ಟರು.

"ರುಚಿ ಹೋದ್ರೂ ಸದ್ದು ಹೋಗಲ್ಲ, ತಂಪು ಹೋಗಲ್ಲ. ಅಗೀರಿ, ಕೇಳ್ಸುತ್ತೆ."

ಚಮಚದವರು ಅಗಿದರು. ತಲೆಯೊಳಗೆಲ್ಲ ಕರುಂಕುರುಂ ಸದ್ದಾಯಿತು. ಅಷ್ಟು ತಿಂಗಳಲ್ಲಿ ಊಟ ಮಾಡಿದೆ ಎಂದು ಅವರಿಗೆ ಅನಿಸಿದ್ದು ಅಂದೇ. ಮಿಕ್ಕ ಆರು ಅಂಕ ಏಕೆ ಕಳೆಯಲಾಯಿತೆಂದು ಸದಸ್ಯರು ಕೇಳಿದ್ದಕ್ಕೆ, "ಅದು ಮೆಟ್ಟಿಲಿಗೆ ಸಾರ್. ಆ ವಯಸ್ಸಲ್ಲಿ ಹತ್ತಿಸಬಾರದಿತ್ತು" ಎಂದರು.

೮. ನಿರ್ದೇಶಕರು, "ರುಚಿ ಹೋದ್ರೆ ಊಟ ಹೇಗಿರುತ್ತೆ?" ಎಂದು ಕೇಳಿದರು.

"ಮಣ್ಣು ತಿಂದ ಹಾಗೆ ಸಾರ್. ಥೇಟ್ ಮಣ್ಣು."

ನಿರ್ದೇಶಕರ ಅತ್ತೆಯವರು ಅಳಿಯನ ಮನೆಯಲ್ಲೇ ಇದ್ದು, ಒಂದು ವರ್ಷದಿಂದ ತಟ್ಟೆ ಸರಿಸುತ್ತ ಇದೇ ಮಾತನ್ನು ಹೇಳುತ್ತಿದ್ದರು. ಅದು ತಮ್ಮ ಮನೆತನದ ಮೇಲೆ ಆಡಿದ ಚುಚ್ಚುಮಾತೆಂದು ತಿಳಿದು ನಿರ್ದೇಶಕರು ನಾಲ್ಕು ತಿಂಗಳಿಂದ ಅವರೊಡನೆ ಮಾತು ಬಿಟ್ಟಿದ್ದರು. ಇದು ಕಡತದಲ್ಲಿಲ್ಲ, ಆದರೆ ಕಚೇರಿಗೆಲ್ಲ ಗೊತ್ತು. ನಿರ್ದೇಶಕರು ಮೂರು ಗಂಟೆ ನಲವತ್ತು ನಿಮಿಷಕ್ಕೆ ಎದ್ದು, ಚಲನವಲನ ವಹಿಯಲ್ಲಿ ಬರೆಯದೆ ಮನೆಗೆ ಹೋದರು. ಮರುದಿನ ತಡವಾಗಿ ಬಂದು, ಬಾಗಿಲಲ್ಲೇ ನಿಂತು, ಯಾರಿಗೂ ಅಲ್ಲವೆಂಬಂತೆ, "ಎರಡು ಸೌತೆಕಾಯಿ ತಿಂದ್ರು ಕಣ್ರೀ" ಎಂದರು. ಅವರ ಕನ್ನಡಕ ಮಂಜಾಗಿತ್ತು.

೯. ಮೇಲ್ಕಂಡ ಕಾರಣಗಳಿಂದಾಗಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ತೊಂಬತ್ತನಾಲ್ಕು ಅಂಕಗಳನ್ನು ಎತ್ತಿಹಿಡಿಯಲಾಗಿದೆ. ಚಮಚದವರು ಕೆಲಸದಲ್ಲಿ ಮುಂದುವರಿಯತಕ್ಕದ್ದು. ರುಚಿಯ ಕಾಲಂನಲ್ಲಿ 'ಪಕ್ಕದವರನ್ನು ಕೇಳಿದೆ' ಎಂದು ನಮೂದಿಸತಕ್ಕದ್ದು.

(ಆ) ರುಚಿ ತಿಳಿಯುವ ಪರೀಕ್ಷಕರು ತಮಗೆ ನಾಲಿಗೆ ಇರುವ ಬಗ್ಗೆ ವೈದ್ಯರ ಪ್ರಮಾಣಪತ್ರ ಸಲ್ಲಿಸಿ, ಅದರಿಂದ ಕಣ್ಣಿಗೆ ಅಡ್ಡಿಯಾಗುತ್ತಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು.

(ಇ) ಫೋರ್ಕುಗಳ ಸಂಖ್ಯೆ ಉಣ್ಣುವವರ ಕೈಗಳ ಸಂಖ್ಯೆಯನ್ನು ಮೀರಿದಲ್ಲಿ, ಹೆಚ್ಚುವರಿ ಫೋರ್ಕೊಂದಕ್ಕೆ ಒಂದು ಅಂಕದಂತೆ ಕಳೆಯತಕ್ಕದ್ದು.

(ಈ) ನೀಲಿ ಹಡಗಿನ ಐಸ್‌ಕ್ರೀಮ್ ಯಂತ್ರವು ಇನ್ನು ಮುಂದೆ 'ಸಾಕಾ?' ಎಂದು ಕೇಳತಕ್ಕದ್ದು. ಯಂತ್ರಕ್ಕೆ ಬಾಯಿಲ್ಲವೆಂಬ ಸಬೂಬನ್ನು ಪರಿಗಣಿಸಲಾಗುವುದಿಲ್ಲ.

(ಉ) ಸಿಬ್ಬಂದಿಯ ಮನೆಗಳಲ್ಲಿ ಅಂಟನ್ನು ಗಂಜಿಯಿಂದ ಮೂರು ಮೊಳ ದೂರದಲ್ಲಿ ಇಡತಕ್ಕದ್ದು. ಚಮಚದವರ ಅಕ್ಕನವರಿಗೆ ಈ ಕಲಂನಿಂದ ವಿನಾಯಿತಿ ನೀಡಲಾಗಿದೆ. ಅವರಿಗೆ ಹೇಳುವ ಧೈರ್ಯ ಇಲಾಖೆಗಿಲ್ಲ.

(ಊ) ಮನೆಯ ಹಿರಿಯರು ಊಟ ಮಣ್ಣಿನಂತಿದೆ ಎಂದಲ್ಲಿ, ಸಿಟ್ಟಾಗುವ ಮೊದಲು ಒಂದು ಸೌತೆಕಾಯಿ ಹೆಚ್ಚಿ ಕೊಟ್ಟು ನೋಡತಕ್ಕದ್ದು.

ಸಹಿ/-
ಸಹಾಯಕ ನಿರ್ದೇಶಕರು (ಪ್ರಭಾರ)
ನಿರ್ದೇಶಕರ ಪರವಾಗಿ

(ನಿರ್ದೇಶಕರು ಅತ್ತೆಯವರನ್ನು ಕೆಂಪು ಚಿಮಣಿಯ ಹಡಗಿಗೆ ಕರೆದುಕೊಂಡು ಹೋಗಿರುವುದರಿಂದ. ರಜೆಯ ಅರ್ಜಿಯಲ್ಲಿ ನಮೂದಿಸಿದ ಕಾರಣ: 'ಊಟ'.)

ಪ್ರತಿಗಳು:

೧. ಬಿಳಿ ಮತ್ತು ನೀಲಿ ಹಡಗುಗಳ ಕಂಪನಿಗಳಿಗೆ: ಮಾಹಿತಿಗಾಗಿ, ಅರಗದಿದ್ದಲ್ಲಿ ಮೇಲ್ಮನವಿಗಾಗಿ.
೨. ಕೆಂಪು ಚಿಮಣಿಯ ಕಂಪನಿಗೆ: ಅಡುಗೆಮನೆಯನ್ನು ಮೇಲಕ್ಕೆ ತರಲು, ಆಗದಿದ್ದಲ್ಲಿ ಊಟದ ಕೋಣೆಯನ್ನು ಕೆಳಕ್ಕೆ ಇಳಿಸಲು.
೩. ಉಗ್ರಾಣಪಾಲಕರಿಗೆ: ಈಗಾಗಲೇ ಕೇಳಿಸಿಕೊಂಡಿರುವುದರಿಂದ ಕಳುಹಿಸಿರುವುದಿಲ್ಲ.
೪. ಕೆಂಪು ಚಿಮಣಿಯ ಹಡಗಿನ ಬಡಿಸುವವರಿಗೆ: ಓದಲು ಪುರುಸೊತ್ತಿಲ್ಲ, ಜನ ಬಂದು ಕೂತಿದ್ದಾರೆ ಎಂದು ತಿಳಿಸಿ ಪ್ರತಿಯನ್ನು ಹಿಂದಿರುಗಿಸಿರುತ್ತಾರೆ.