ವೈನಿ ಬಾರಿಸಿದ ನೀಲಿ ಬೋಗುಣಿ

ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಬಾರಿಸಿ ನೋಡದೆ ಒಪ್ಪಿಕೊಂಡದ್ದು ಇಡೀ ಜೀವಮಾನದಲ್ಲಿ ಒಂದನ್ನೇ: ನನ್ನ ಅಣ್ಣನನ್ನು. ಆ ಮಿಸ್ಟೇಕ್ ಮತ್ತೆಂದೂ ಮಾಡಲಿಲ್ಲ!

ಹುಮನಾಬಾದಿನ ಸಂತೆಯಲ್ಲಿ ಕಲ್ಲಂಗಡಿಯಾಗಲಿ, ಮಡಕೆಯಾಗಲಿ, ಅವರ ಬೆರಳ ಗೆಣ್ಣು ಟಕ್ ಟಕ್ ಎನ್ನದೆ ಚೀಲಕ್ಕೆ ಬೀಳುತ್ತಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು 'ನಾಕ್ ಬಿಫೋರ್ ಯು ಎಂಟರ್' ಎಂದು ಕಲಿಸಿದ್ದು ಬಾಗಿಲಿಗೆ ಮಾತ್ರ. ವೈನಿಗೆ ಪ್ರಪಂಚವೇ ಬಾಗಿಲು! ಒಮ್ಮೆ ಕೆಮ್ಮಿಗೆಂದು ಹೋದಾಗ ಡಾಕ್ಟರು ಬೆನ್ನ ಮೇಲೆ ಬೆರಳಿಟ್ಟು ತಟ್ಟಿದರೆ, ಈಕೆ ತಿರುಗಿ, "ಸೀಳು ಏನರ ಅದ ಏನ್ರಿ?" ಎನ್ನಬೇಕೆ?

ಆದರೆ ಅವರ ತವರು ಬಸವಕಲ್ಯಾಣದ ಕುಂಬಾರರ ಓಣಿಯಲ್ಲಿ ಇದು ನಗುವ ಮಾತಲ್ಲ. ಅಲ್ಲಿ ವೈನಿಯ ಬೆರಳೇ ಸುಪ್ರೀಂ ಕೋರ್ಟ್. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಓಣಿಯ ಒಬ್ಬ ಕುಂಬಾರನ ಮಗಳು ಸಿರಾಮಿಕ್ ಕಲಿತು ಬಂದಿದ್ದಳು. ಮನೆ ಹಿಂದೆ ಬೋಗುಣಿ ಸುಡಲು ತನ್ನದೇ ಭಟ್ಟಿ ಬೇಕೆಂದು ಹಟ. ಮಣ್ಣಿಗೆ ಗಾಜು ಬಳಿಯುವ ಈ ಗ್ಲೇಜ್ ಅಪ್ಪನಿಗೆ ಹಿಡಿಸದು. ಕೊನೆಗೆ ಒಂದು ಷರತ್ತು ಹಾಕಿದ: ಮೊದಲ ಬೋಗುಣಿಯನ್ನು ಅಕ್ಕೋರು, ಅಂದರೆ ನಮ್ಮ ವೈನಿ, ಪಾಸು ಮಾಡಿದರೆ ಭಟ್ಟಿ, ಇಲ್ಲವಾದರೆ ಮತ್ತೆ ಆ ಸುದ್ದಿ ಎತ್ತಬಾರದು.

ವೈನಿಯ ಜೊತೆ ನಾನೂ ಹೋಗಿದ್ದೆ. ಹುಡುಗಿ ನೀಲಿ ಬೋಗುಣಿ ತಂದಿಟ್ಟಳು. ಅಪ್ಪ ನಮಗೆ ಬೆನ್ನು ಮಾಡಿ ತನ್ನ ತಿಗರಿ ಚಕ್ರದ ಮುಂದೆ ಕೂತ. ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ವೈನಿ ಬಾರಿಸಿದರು. 'ಭದ್.'

ಗಟ್ಟಿ ಮಣ್ಣಾದರೆ 'ಠಣ್' ಎನ್ನಬೇಕು; 'ಭದ್' ಎಂದರೆ ಒಳಗೆಲ್ಲೋ ಸೀಳಿದೆ. ಇಷ್ಟು ವರ್ಷ ವೈನಿಯ ಹಿಂದೆ ಚೀಲ ಹಿಡಿದು ತಿರುಗಿದ ನನಗೂ ಅದು ಗೊತ್ತು. ಅಪ್ಪನ ಹೆಗಲು ಕುಸಿಯಿತು. ವೈನಿಯ ಮುಖದಲ್ಲಿ ಮಾತ್ರ ಏನೂ ಇಲ್ಲ. ಮತ್ತೆ ಬಾರಿಸಿದರು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ. 'ಭದ್.'

"ಹ್ಯಾಂಗದ್ರಿ, ಅಕ್ಕೋರ?" ಅಪ್ಪ ತಿರುಗದೆಯೇ ಕೇಳಿದ. ವೈನಿ ಬೋಗುಣಿಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ಓ ಮೈ ಗಾಡ್, ವೈನಿಗೆ ಕೇಳಿಸುತ್ತಿಲ್ಲ! ಕೆಲವು ತಿಂಗಳಿಂದ ಕರೆದರೆ ಓಗೊಡದಿದ್ದುದನ್ನು ನಾವೆಲ್ಲ ಸೊಕ್ಕು ಎಂದುಕೊಂಡಿದ್ದೆವಲ್ಲ!

ವೈನಿ ಬೋಗುಣಿಯನ್ನು ಹುಡುಗಿಯ ಕೈಗೇ ಕೊಟ್ಟರು. "ನನ್ನ ಕಿವಿ ಹೋಗ್ಯಾವ, ತಂಗಿ. ಯಾರ ಮುಂದೂ ಹೇಳಿಲ್ಲ. ನೀನೇ ಬಾರಿಸಿ ಹೇಳು. ನೀ ಹೇಳಿದ್ದೇ ಖರೆ."

ಅಕ್ಕೋರು ಪಾಸು ಎಂದರೆ ಅಪ್ಪನೂ ಎದುರಾಡುವಂತಿರಲಿಲ್ಲ; ಒಂದೇ ಒಂದು ಸುಳ್ಳು ಸಾಕಿತ್ತು, ಭಟ್ಟಿ ಅವಳದು. ಹುಡುಗಿ ಬಾರಿಸಿದಳು. ಆಮೇಲೆ ವೈನಿಗೂ ಕೇಳುವಷ್ಟು ಜೋರಾಗಿ ಹೇಳಿದಳು: "ಸೀಳ್ಯಾದ್ರಿ, ಅವ್ವಾ."

ವೈನಿ ಕುಂಬಾರನ ಬೆನ್ನಿನ ಕಡೆ ನೋಡಿದರು. "ಬೋಗುಣಿ ಫೇಲ್ ಆಗ್ಯಾದಪಾ. ನಿನ್ನ ಮಗಳು ಪಾಸಾಗ್ಯಾಳ. ಇನ್ನ ಮ್ಯಾಲ ಓಣಿಯೊಳಗ ಬಾರಿಸಿ ನೋಡಾಕ ಈಕಿನ್ನ ಕರೀರಿ. ಭಟ್ಟಿಗಿ ಜಾಗಾ ಕೊಡು."

ಅಪ್ಪ ಈಗ ತಿರುಗಿದ. ಎದ್ದು ಹಿತ್ತಲಿಗೆ ಹೋಗಿ, ಅಲ್ಲಿ ಒಟ್ಟಿದ್ದ ಸೌದೆಯನ್ನು ಒಂದು ಬದಿಗೆ ಸರಿಸತೊಡಗಿದ.

ಹುಮನಾಬಾದಿನ ಬಸ್ಸಿನಲ್ಲಿ ವೈನಿ ಕಿಟಕಿಯ ಕಡೆ ಮುಖ ಮಾಡಿ ಸದ್ದಿಲ್ಲದೆ ಅಳುತ್ತಿದ್ದರು. ಕಾನ್ವೆಂಟಿನ ಮ್ಯಾನರ್ಸ್ ಎಲ್ಲ ಮರೆತು ನಾನು ಅವರ ಕಿವಿಗೆ ಬಾಯಿ ಹಚ್ಚಿ, ಡ್ರೈವರನೂ ತಿರುಗಿ ನೋಡುವಂತೆ ಕೂಗಿದೆ:

"ನಾ ಅದೀನಿ, ವೈನಿ!"