ಸೊತ್ತೆ ಕಳೆಯುವ ಚಿಕ್ಕಮಾವ

ನಮ್ಮ ಚಿಕ್ಕಮಾವನವರ ಲೆಕ್ಕ ಜೀವಮಾನದಲ್ಲಿ ಒಂದು ಸಲವೂ ತಪ್ಪಿಲ್ಲ. ತಪ್ಪಿದ್ದೇನಿದ್ದರೂ ಎಣಿಸಿದವರದು, ಇಲ್ಲವೇ ಸೃಷ್ಟಿ ಮಾಡುವಾಗ ದೇವರೇ ಮಾಡಿಕೊಂಡ ಎಡವಟ್ಟು! ಇದು ನನ್ನ ಮಾತಲ್ಲ, ಅವರದೇ.

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ನಾನು ದಾವಣಗೆರೆ ಕಡೆಯಿಂದ ಮದುವೆಯಾಗಿ ಉಡುಮಲೈಪೇಟೆಗೆ ಬಂದವಳು. ಈ ಮನೆತನ ಎಷ್ಟೋ ತಲೆಮಾರಿನಿಂದ ಇಲ್ಲೇ ಇದೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಚಿಕ್ಕಮಾವನಿಗೆ ಕನ್ನಡ ಅಕ್ಷರ ಬಾರದು, ಆದರೆ ತೆಂಗಿನಕಾಯಿ ರಾಶಿಯನ್ನು ಓದಬಲ್ಲರು. ತೋಟದವನಿಗೂ ವ್ಯಾಪಾರಿಗೂ ಜಗಳ ಬಂದರೆ ಇವರನ್ನು ಕರೆಸುತ್ತಾರೆ. ಇವರು ರಾಶಿಯನ್ನು ಒಂದು ಸುತ್ತು ಬಂದು, ಹೆಗಲ ಟವೆಲು ಕೊಡವಿ, "ನಾಲ್ಕು ಸಾವಿರದ ಇನ್ನೂರು. ಸೊತ್ತೆ ಕಳೆದು ನಾಲ್ಕು ಸಾವಿರಕ್ಕೆ ಹತ್ತು ಕಮ್ಮಿ" ಎಂದರೆ ಮುಗಿಯಿತು. ಸೊತ್ತೆ ಎಂದರೆ ಒಳಗೆ ಕೆಟ್ಟ ಕಾಯಿ. ನೂರಕ್ಕೆ ಐದು ಕಳೆಯುವುದು ಅವರ ಪದ್ಧತಿ.

ಕಾಯಿಗೆ ಕಳೆಯಲಿ, ಯಾರು ಬೇಡ ಅಂದರು? ಇವರು ಕಂಡದ್ದಕ್ಕೆಲ್ಲ ಕಳೆಯುತ್ತಾರೆ! ಒಮ್ಮೆ ಮದುವೆ ಛತ್ರದ ಬಾಗಿಲಲ್ಲಿ ನಿಂತು, "ಎಂಟುನೂರು ಜನ. ಸೊತ್ತೆ ಕಳೆದು ಏಳುನೂರ ಅರುವತ್ತು" ಎಂದರು. ಆ ನಲವತ್ತು ಜನ ಯಾರಪ್ಪ ಎಂದು ಯಾರೋ ಕೇಳಿದ್ದಕ್ಕೆ, ಹೆಣ್ಣಿನ ಕಡೆಯವರು ಕೂತಿದ್ದ ಸಾಲಿನತ್ತ ಸುಮ್ಮನೆ ಕಣ್ಣು ಹಾಯಿಸಿದರು. ಅದು ನನ್ನದೇ ಮದುವೆ!

ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟು ಬರುತ್ತಿದ್ದ ಕಾಲ; ನಮ್ಮ ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಭಾನುವಾರ ಮಧ್ಯಾಹ್ನ ನಾನೂ ನನ್ನ ಕಾಲೇಜಿನ ಗೆಳತಿಯರೂ ಇಂಟರ್‌ನೆಟ್ಟಿನಲ್ಲಿ ಚಾಟ್ ಮಾಡುತ್ತ ಒಂದು ಆಟ ಆಡುತ್ತಿದ್ದೆವು. ಒಬ್ಬಳು ಪ್ರಶ್ನೆ ಕೇಳಬೇಕು, ಉತ್ತರ ಒಂದು ಸಂಖ್ಯೆಯಾಗಿರಬೇಕು. ಉಳಿದವರು ಊಹಿಸಬೇಕು. ಕೇಳಿದವಳು, ಉತ್ತರ ಅದಕ್ಕಿಂತ "ಜಾಸ್ತಿ" ಅಥವಾ "ಕಮ್ಮಿ" ಎನ್ನುವುದು ಬಿಟ್ಟು ಬೇರೆ ಮಾತಾಡುವಂತಿಲ್ಲ. ನಾನು ಈ ಆಟದಲ್ಲಿ ಗಟ್ಟಿಗಿತ್ತಿ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಫೋನು ಯಾಕೆ ಇಡೀ ಮಧ್ಯಾಹ್ನ ಎಂಗೇಜು ಎಂದು ಬೈಯಲು ಬಂದ ಚಿಕ್ಕಮಾವ ನನ್ನ ಕುರ್ಚಿಯ ಹಿಂದೆ ನಿಂತು ಆಟ ಏನೆಂದು ಕೇಳಿ ತಿಳಿದುಕೊಂಡರು.

"ಇದೇ ತಾನೆ ಅಮ್ಮಣಿ ನಾನು ನಲವತ್ತು ವರ್ಷದಿಂದ ಮಾಡ್ತಾ ಇರೋದು? ಇದಕ್ಕೆ ದುಡ್ಡು ಕೊಟ್ಟು ಮೆಷಿನ್ನು ಬೇರೆ ವಾಂಗಿ ಇಟ್ಟಿದೀರಾ?"

ಮರುವಾರ ಸ್ವಂತ ಕುರ್ಚಿ ತಂದು ಹಾಕಿಕೊಂಡರು. ಅವತ್ತು ಮೈಸೂರಿನ ಶೈಲಜಾ ಪಿಯಾನೋಗೆ ಬೆರಳಿಂದ ಒತ್ತುವ ಮನೆಗಳು ಎಷ್ಟು ಎಂದು ಕೇಳಿದಳು. ಚಿಕ್ಕಮಾವ ಪಿಯಾನೋವನ್ನು ಕಂಡವರಲ್ಲ. "ಎಷ್ಟು ನೀಳ ಇರ್ತದೆ?" ಎಂದರು. ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ನನ್ನ ಕೈಗಳ ನಡುವಿನ ಗಾಳಿಯನ್ನು ಒಂದು ಕಣ್ಣು ಮುಚ್ಚಿ ನೋಡಿ, "ತೊಂಬತ್ತು. ಸೊತ್ತೆ ಕಳೆದು ಎಂಬತ್ತಾರು" ಎಂದರು. ನಾನು ಟೈಪು ಮಾಡಿದೆ. "ಜಾಸ್ತಿ" ಎಂದು ಬಂತು. ಇವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಶೈಲಜಾಳೇ ಸೋತು ಎಂಬತ್ತೆಂಟು ಎಂದು ಹೇಳಿಬಿಟ್ಟಳು.

"ಎರಡು ಕೆಟ್ಟಿರ್ತವೆ. ಬಾರಿಸಿ ನೋಡಕ್ಕೆ ಹೇಳು ಆ ಹುಡುಗಿಗೆ" ಎಂದರು ಚಿಕ್ಕಮಾವ.

ನಗುವುದೇನೋ ನಕ್ಕೆವು. ಆದರೆ ಎಲ್ಲವನ್ನೂ ಎಣಿಸುವ ಈ ಮನುಷ್ಯ ಎಣಿಸದೆ ಬಿಟ್ಟದ್ದು ಒಂದಿತ್ತು. ಅವರಿಗೆ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತೋಟ ತೋಟ ತಿರುಗಿ ರಾಶಿ ಎಣಿಸುವುದನ್ನು ಕಲಿಸಿದ್ದರಂತೆ. ಅವಳು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯವನನ್ನೇ ಮೆಚ್ಚಿ ಮದುವೆಯಾದಳು. "ಇನ್ನು ನನ್ನ ಬಾಯಿಂದ ಅವಳಿಗೆ ಒಂದು ಮಾತು ಬರಲ್ಲ" ಎಂದರು ಚಿಕ್ಕಮಾವ. ಎರಡು ವರ್ಷ ಬರಲಿಲ್ಲ. ಅವಳು ಫೋನು ಮಾಡಿದರೆ ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದರು. ಮೊಮ್ಮಗಳು ಹುಟ್ಟಿದಾಗ ಚಿಕ್ಕತ್ತೆ ಒಬ್ಬರೇ ಹೋಗಿ ಬಂದರು. ಯಾರದೋ ಮದುವೆಯಲ್ಲಿ ಎಲೆ ಎಷ್ಟು ಬಿತ್ತು ಎಂದು ವಿಚಾರಿಸುವ ಮನುಷ್ಯ ಆ ಕೂಸಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ನನಗೆ ಅವರ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು.

ಸಿಟ್ಟು ಬಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವರ ಮಗಳನ್ನು ನಮ್ಮ ಆಟಕ್ಕೆ ಸೇರಿಸಿಕೊಂಡೆ. ಚಿಕ್ಕಮಾವನಿಗೆ, "ತಿರುಪ್ಪೂರಿನಿಂದ ಹೊಸ ಗೆಳತಿ ಒಬ್ಬಳು ಬರ್ತಾಳೆ" ಎಂದಷ್ಟೇ ಹೇಳಿದೆ.

ಆ ಭಾನುವಾರ ಶೈಲಜಾ ಕೇಳಿದ್ದು ಮನುಷ್ಯನ ಮೈಯಲ್ಲಿ ಎಷ್ಟು ಮೂಳೆ ಎಂದು. ನಾವು ಬಾಯಿ ತೆರೆಯುವ ಮೊದಲೇ ತಿರುಪ್ಪೂರಿನ ಉತ್ತರ ಬಂತು. ನಾನು ಹಿಂದುಮುಂದು ನೋಡದೆ ಜೋರಾಗಿ ಓದಿದೆ: "ಇನ್ನೂರು. ಸೊತ್ತೆ ಕಳೆದು ನೂರ ತೊಂಬತ್ತು."

ಮೂಳೆ ಯಾಕೆ ಕೆಡುತ್ತದೆ, ಯಾವುದಾದರೂ ಡಾಕ್ಟರಿಗೆ ತೋರಿಸಬಾರದೆ ಎಂದು ಶೈಲಜಾ ಕೇಳುತ್ತಿದ್ದಳು. ನಾನು ಚಿಕ್ಕಮಾವನ ಮುಖ ನೋಡುತ್ತಿದ್ದೆ. ಅವರು ಟವೆಲನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಎಲುಬಿಗೆ ಸೊತ್ತೆ ಕಳೀಬಾರ್ದು ಅಂತ ಹೇಳು."

"ಯಾರಿಗೆ ಚಿಕ್ಕಮಾವ?"

"ಆ ತಿರುಪ್ಪೂರ್‌ಕಾರಿಗೆ."

"ಅವಳ ಹತ್ರ ಮಾತಾಡಲ್ಲ ಅಂದಿದ್ರಲ್ಲ?"

"ಬಾಯಿಂದ ಮಾತು ಬರಲ್ಲ ಅಂದಿದ್ದೆ. ಟೈಪು ಮಾಡ್ತಿರೋದು ನೀನು ತಾನೆ?"

ಇಂಥ ಪಾಯಿಂಟು ಯಾವ ವಕೀಲನಿಗೆ ಹೊಳೆದೀತು? ಅಲ್ಲಿಂದ ಮುಂದೆ ಅಪ್ಪ ಮಗಳು ಸಂಖ್ಯೆಗಳಲ್ಲೇ ಸಂಸಾರದ ಮಾತಾಡಿದರು. ಈ ಸಲ ತೋಟದಲ್ಲಿ ಕಾಯಿ ಎಷ್ಟು ಬಿತ್ತು ಎಂದು ಅವಳು ಊಹಿಸುವಳು. ಅವಳ ಮನೆಗೆ ಮೆಟ್ಟಿಲು ಎಷ್ಟು ಎಂದು ಇವರು ಊಹಿಸುವರು. ಹದಿನಾರು ಎಂದರು, ಜಾಸ್ತಿ ಎಂದು ಬಂತು. ಇಪ್ಪತ್ತು ಎಂದರು, ಮತ್ತೂ ಜಾಸ್ತಿ. ಇಪ್ಪತ್ತೆರಡಕ್ಕೆ ಸರಿ ಎಂದಳು.

"ಕೂಸು ಎತ್ಕೊಂಡು ಅಷ್ಟು ಹತ್ತಬೇಕಾ ಅವಳು?" ಎಂದು ಗೊಣಗಿ, "ಇದನ್ನ ಟೈಪು ಅಡಿಕ್ಕಬೇಡ ಅಮ್ಮಣಿ" ಎಂದರು. ನಾನು ಅಕ್ಷರ ಬಿಡದೆ ಟೈಪು ಮಾಡಿದೆ.

ಮುಂದಿನ ವಾರ ಪ್ರಶ್ನೆ ಅವಳದು. ಜೊತೆಗೆ ಒಂದು ಫೋಟೋ ಕಳಿಸಿದ್ದಳು. ಆಗಿನ ನೆಟ್ಟಿನ ವೇಗಕ್ಕೆ ಅದು ಮೇಲಿನಿಂದ ಇಷ್ಟಿಷ್ಟೇ ಕಾಣಿಸಿಕೊಂಡಿತು. ಮೊದಲು ಕೂದಲು, ಆಮೇಲೆ ಹಣೆ, ಕಪ್ಪು ಬೊಟ್ಟು, ಕಣ್ಣು, ಕೊನೆಗೆ ಹಲ್ಲಿಲ್ಲದ ನಗು. ಕೆಳಗೆ ಪ್ರಶ್ನೆ: "ಇವಳಿಗೆ ಈಗ ಐದು ತಿಂಗಳು. ತೂಕ ಎಷ್ಟು?"

ಚಿಕ್ಕಮಾವ ಪರದೆಯ ಹತ್ತಿರಕ್ಕೆ ಬಗ್ಗಿದರು. ಎಷ್ಟು ಹಾಕಲಿ ಎಂದು ಎರಡು ಸಲ ಕೇಳಿದೆ. ಆ ಮನುಷ್ಯ ಉತ್ತರಕ್ಕೆ ತಡವರಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಎಣಿಕೆ ಆದ್ರೆ ಕಣ್ಣಲ್ಲಿ ನೋಡಿ ಹೇಳ್ತೀನಿ. ತೂಕಕ್ಕೆ ಕೈಲಿ ಎತ್ತಬೇಕು."

ಅದನ್ನೂ ಹಾಗೆಯೇ ಟೈಪು ಮಾಡಿದೆ. ಉತ್ತರ ತಕ್ಷಣ ಬಂತು: "ಬಂದು ಎತ್ತಲಿ."

ಮಾರನೆಯ ದಿನ ನಾನು ಆಫೀಸಿಗೆ ರಜೆ ಹಾಕಿದೆ. ಬೆಳಿಗ್ಗೆ ಏಳರ ಬಸ್ಸಿಗೆ ಅವರು ಆರಕ್ಕೇ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಒಂದು ಮರವನ್ನೂ ಎಣಿಸಲಿಲ್ಲ. ತಿರುಪ್ಪೂರಿನ ಆ ಇಪ್ಪತ್ತೆರಡು ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು, ಮಂಡಿ ನೋವು ಎಂದರು. ಅವರಿಗೆ ಮಂಡಿ ನೋವಿಲ್ಲ ಎಂಬುದು ಇಡೀ ಉಡುಮಲೈಗೆ ಗೊತ್ತು.

ಬಾಗಿಲಲ್ಲಿ ನಿಂತಿದ್ದ ಮಗಳು ಕೂಸನ್ನು ಅವರ ಕೈಗೆ ಕೊಟ್ಟಳು. ಅವರು ಎರಡೂ ಅಂಗೈಯಲ್ಲಿ ಹಿಡಿದು ಒಮ್ಮೆ ಮೆಲ್ಲಗೆ ಮೇಲೆತ್ತಿ ಇಳಿಸಿದರು. ಆಮೇಲೆ ಎದೆಗೆ ಒರಗಿಸಿಕೊಂಡು ಕಣ್ಣು ಮುಚ್ಚಿದರು. ನಾವು ಕಾದೆವು. ಇವರು ಕಣ್ಣು ಬಿಡಲಿಲ್ಲ.

"ಎಷ್ಟು ಅಂತ ಹೇಳಬೇಡಪ್ಪ, ದಿಟ್ಟಿ ಆಗ್ತದೆ" ಎಂದಳು ಮಗಳು. "ಜಾಸ್ತಿಯಾ ಕಮ್ಮಿಯಾ, ಅಷ್ಟು ಹೇಳು ಸಾಕು."

ಎರಡು ವರ್ಷದ ಮೇಲೆ ಚಿಕ್ಕಮಾವ ಮಗಳೊಡನೆ ಬಾಯಿ ತೆರೆದರು.

"ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ. ಐದು ತಿಂಗಳಲ್ಲಿ ನೀನೂ ಇಷ್ಟೇ ಇದ್ದೆ."