ಮಗುವೇ ಬರೆದ ಬೆಕ್ಕಿನ ಪ್ರಕರಣ

ನಮ್ಮ ಶಾಲೆಯ ಶಿಶು ವಿಭಾಗದಲ್ಲಿ ಮಕ್ಕಳು ತಮ್ಮ ಕೆಲಸವನ್ನು ತಾವೇ ಮಾಡುವುದು ಶಿಸ್ತಿನ ಉಲ್ಲಂಘನೆಯಾಗಿರುತ್ತದೆ. ಇದನ್ನು ಪ್ರವೇಶದ ದಿನವೇ ಪೋಷಕರಿಗೆ ತಿಳಿಸುತ್ತೇವೆ, ಗೇಟಿನ ಪಕ್ಕದ ಗೋಡೆಯ ಮೇಲೂ ದೊಡ್ಡಕ್ಷರದಲ್ಲಿ ಬರೆಸಿದ್ದೇವೆ. ಆದರೂ ಒಬ್ಬರಲ್ಲ ಒಬ್ಬರು ಮರೆಯುತ್ತಾರೆ. ಮರೆತವರು ಆಮೇಲೆ ಕಚೇರಿಗೆ ಬಂದು ನನ್ನ ಮೇಲೆ ಕಣ್ಣು ಕೆಂಪಗೆ ಮಾಡುತ್ತಾರೆ. ನಾನು ಈ ಶಾಲೆಯ ಕಚೇರಿ ವ್ಯವಸ್ಥಾಪಕ. ನಿಯಮ ಮಾಡುವವನು ನಾನಲ್ಲ, ಓದಿ ಹೇಳುವವನು. ನನ್ನ ಮೇಲೆ ಯಾಕ್ರೀ ಸಿಟ್ಟು?

ನಿಯಮ ಬಂದದ್ದು ಸುಮ್ಮನೆ ಅಲ್ಲ. ಮೊದಲೆಲ್ಲ ಮಕ್ಕಳ ಕರಕುಶಲ ಕೆಲಸವನ್ನು ಅಪ್ಪ ಅಮ್ಮಂದಿರು ಕದ್ದುಮುಚ್ಚಿ ಮಾಡಿಕೊಡುತ್ತಿದ್ದರು. ಕೆಲವು ಸೋಮಾರಿ ಪೋಷಕರು ಮಾತ್ರ ಮಕ್ಕಳಿಗೇ ಮಾಡಲು ಬಿಟ್ಟು, ಅಂಟು ಮೆತ್ತಿದ, ಒಂದು ಕಡೆ ವಾಲಿದ ಮನೆಗಳನ್ನು ಕಳಿಸುತ್ತಿದ್ದರು. ಅಂಥ ಮಕ್ಕಳಿಗೆ ಅಂಕ ಕಡಿಮೆ ಬರುತ್ತಿತ್ತು. ಇದು ಅನ್ಯಾಯ ಎಂದು ಮುಖ್ಯೋಪಾಧ್ಯಾಯಿನಿಯವರ ಕರುಳು ಚುರುಕ್ಕೆಂದಿತು. ಸಮಾನತೆಯ ದೃಷ್ಟಿಯಿಂದ ಎಲ್ಲ ಮಕ್ಕಳ ಕೆಲಸವನ್ನೂ ಕಡ್ಡಾಯವಾಗಿ ದೊಡ್ಡವರೇ ಮಾಡತಕ್ಕದ್ದು ಎಂದು ತೀರ್ಮಾನವಾಯಿತು. ಅಂದಿನಿಂದ ಗುಣಮಟ್ಟ ಏರಿದ್ದೇ ಏರಿದ್ದು. ಹೋದ ವರ್ಷದ ‘ಪುಟ್ಟ ಕೈ, ದೊಡ್ಡ ಸಾಧನೆ’ ಪ್ರದರ್ಶನದಲ್ಲಿ ಒಂದು ಮಗು ತಯಾರಿಸಿದ ಸೇತುವೆಯ ಮೇಲೆ ನಮ್ಮ ವ್ಯಾಯಾಮ ಶಿಕ್ಷಕರನ್ನು ನಿಲ್ಲಿಸಿ ನೋಡಿದೆವು, ಅಲುಗಲಿಲ್ಲ. ಆ ಮಗುವಿನ ತಂದೆ ಸೇತುವೆಗಳ ಎಂಜಿನಿಯರ್. ಇನ್ನೊಂದು ಮಗು ಬಾಯಿ ತೆರೆದು ಮುಚ್ಚುವ ದವಡೆ ಮಾಡಿತ್ತು. ಅದರ ತಾಯಿ ಹಲ್ಲಿನ ಡಾಕ್ಟರು. ಮಗುವಿಗೆ ಆಗ ಉದುರಿದ ಮುಂದಿನ ಎರಡು ಹಲ್ಲು ಇನ್ನೂ ಬಂದಿರಲಿಲ್ಲ, ದವಡೆಯಲ್ಲಿ ಮಾತ್ರ ಎಲ್ಲವೂ ಇದ್ದವು.

ಕೈಯಲ್ಲಿ ಏನೂ ಆಗದ ಪೋಷಕರೂ ಇರುತ್ತಾರಲ್ಲ, ಅವರನ್ನು ನಾವು ಕೈಬಿಟ್ಟಿಲ್ಲ. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಸಾಧನೆಗಳು ಸಿಗುತ್ತವೆ. ಮಗುವಿನ ಹೆಸರು ಬರೆಯಲು ಜಾಗ ಬಿಟ್ಟಿರುತ್ತಾರೆ. ಅಂಗಡಿಯ ಮಾಲೀಕರು ನಮ್ಮ ಶಾಲೆಯ ಶೈಕ್ಷಣಿಕ ಸಲಹೆಗಾರರೂ ಹೌದು, ಪ್ರದರ್ಶನದ ಕಾಯಂ ತೀರ್ಪುಗಾರರೂ ಹೌದು. ಯಾವ ಸಾಧನೆ ಉತ್ತಮ ಎನ್ನುವುದು ಅವರಿಗೆ ಮಾರುವಾಗಲೇ ಗೊತ್ತಿರುವುದರಿಂದ ನಮ್ಮ ಸಮಯ ಬಹಳ ಉಳಿಯುತ್ತದೆ.

ಇನ್ನು ಪ್ರಕರಣಕ್ಕೆ ಬರುತ್ತೇನೆ.

ಗೋಲಿ ಎಂಬ ಹುಡುಗಿ ಶಿಶು ವಿಭಾಗದ ಕೊನೆಯ ವರ್ಷದಲ್ಲಿದ್ದಳು. ದಾಖಲೆಯಲ್ಲಿ ಬೇರೆ ಹೆಸರಿದೆ. ಕಣ್ಣು ಗುಂಡಗೆ ಹೊಳೆಯುತ್ತವೆಂದು ಮನೆಯಲ್ಲಿ ಇಟ್ಟ ಹೆಸರು ಶಾಲೆಗೂ ಬಂತು. ತಾಯಿ ಆಸ್ಪತ್ರೆಯಲ್ಲಿ ನರ್ಸ್. ತಂದೆ ಅಂಗಡಿ ಬೋರ್ಡು, ಗೋಡೆ ಬರಹ ಬರೆಯುವ ಪೇಂಟರ್. ನೂಲು ಹಿಡಿಯದೆ ನೇರ ಗೆರೆ ಎಳೆಯುವ ಮನುಷ್ಯ. ಗೇಟಿನ ಪಕ್ಕದ ನಿಯಮವನ್ನು ಬರೆದದ್ದೂ ಅವರೇ. ಹಾಗಾಗಿ ಗೊತ್ತಿರಲಿಲ್ಲ ಎನ್ನಲು ಅವರಿಗೆ ಬಾಯಿಯೇ ಇರಲಿಲ್ಲ.

ಈ ವರ್ಷದ ಪ್ರದರ್ಶನಕ್ಕೆ ‘ನಾನು ಕಂಡ ಪ್ರಾಣಿ’ ಎಂಬ ವಿಷಯದ ಮೇಲೆ ಚಿತ್ರ ತರಬೇಕಿತ್ತು. ಅದರಲ್ಲಿ ತೇರ್ಗಡೆಯಾದರೆ ಮಾತ್ರ ಒಂದನೇ ತರಗತಿ. ಇಲ್ಲದಿದ್ದರೆ ಮಗು ಇನ್ನೊಂದು ವರ್ಷ ಅಲ್ಲೇ ಕೂರಬೇಕು. ಪೇಂಟರ್ ಮಗಳಲ್ಲವೇ, ಹುಲಿಯೋ ಆನೆಯೋ ಗೋಡೆಯಷ್ಟು ದೊಡ್ಡದಾಗಿ ಬರುತ್ತದೆಂದು ನಾವೆಲ್ಲ ಕಾದಿದ್ದೆವು. ಬಂದದ್ದು ಒಂದು ಬೆಕ್ಕು. ನೇರಳೆ ಬಣ್ಣ. ಮುಖ ಒಂದು ಕಡೆ, ಮೀಸೆ ಇನ್ನೊಂದು ಕಡೆ. ಏಳು ಕಾಲು.

ಕ್ಲಾಸ್ ಟೀಚರ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಚೇರಿಗೆ ಓಡಿ ಬಂದರು.

“ಸರ್, ಇದು... ಇದು ಮಗುವೇ ಬರೆದ ಹಾಗಿದೆ ಸರ್!”

“ಮೆತ್ತಗೆ ಮಾತಾಡಿ. ಹೊರಗಡೆ ಬೇರೆ ಪೋಷಕರು ಕೂತಿದ್ದಾರೆ” ಎಂದೆ.

ಅಷ್ಟರಲ್ಲಿ ಸುದ್ದಿ ಕಾರಿಡಾರಿನ ತುಂಬ ಹರಡಿತ್ತು. ದವಡೆಯ ತಾಯಿ ಬಂದು, “ನಾವು ರಜೆ ಹಾಕಿ ಮಾಡ್ತೀವಿ, ಇವರು ಮಗು ಕೈಲಿ ಮಾಡಿಸಿ ಆರಾಮಾಗಿ ಇರ್ತಾರಾ? ಇದ್ಯಾವ ಸೀಮೆ ನ್ಯಾಯ?” ಎಂದು ಜೋರು ಮಾಡಿದರು. ಮಾತಿನಲ್ಲಿ ಅರ್ಥವಿತ್ತು. ಮುಖ್ಯೋಪಾಧ್ಯಾಯಿನಿ ತಕ್ಷಣ ವಿಚಾರಣಾ ಸಮಿತಿ ರಚಿಸಿದರು. ಸಮಿತಿಯಲ್ಲಿ ಅವರು, ಕ್ಲಾಸ್ ಟೀಚರ್, ಸ್ಟೇಷನರಿ ಅಂಗಡಿಯ ಮಾಲೀಕರು. ಓದಿ ಹೇಳಲು ನಾನು.

ಮರುದಿನ ಪೇಂಟರ್ ಬಂದರು. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು. ಇನ್ನೊಂದು ಕೈಯಲ್ಲಿ ಗೋಲಿಯ ಕೈ. ಮಗು ಮುಖ್ಯೋಪಾಧ್ಯಾಯಿನಿಯವರ ಕೋಣೆಯನ್ನು ಮೊದಲ ಸಲ ನೋಡುತ್ತಿತ್ತು. ತಿರುಗುವ ಕುರ್ಚಿ ಕಂಡಿದ್ದೇ ಅದರ ಕಣ್ಣು ಇನ್ನೂ ಗುಂಡಗಾಯಿತು.

ನಾನು ಆರೋಪವನ್ನು ಓದಿದೆ: “ತಾವು ತಮ್ಮ ಮಗಳ ಸ್ವಂತ ಕೃತಿಯನ್ನು ಮಗಳ ಕೃತಿಯೆಂದು ಬಿಂಬಿಸಿ ಸಂಸ್ಥೆಗೆ ಮೋಸ ಮಾಡಿದ್ದೀರಿ ಎಂದು ತಿಳಿದುಬಂದಿದೆ. ಏನು ಹೇಳುತ್ತೀರಿ?”

“ಇಲ್ಲ ಸರ್. ನಾನೇ ಬರೆದದ್ದು” ಎಂದರು ಪೇಂಟರ್.

ಗೋಲಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು.

“ನೀವು ಬರೆದದ್ದು ಅಂದ್ರೆ ಹೀಗಿರುತ್ತಾ?” ಮಾಲೀಕರು ಕೇಳಿದರು. “ನನ್ನ ಅಂಗಡಿ ಬೋರ್ಡು ನೀವೇ ಅಲ್ವಾ ಬರೆದಿದ್ದು? ಅದರಲ್ಲಿ ಒಂದು ಅಕ್ಷರ ಕೂದಲೆಳೆಯಷ್ಟೂ ಆಚೀಚೆ ಇಲ್ಲ.”

“ಏಣಿಯಿಂದ ಜಾರಿಬಿದ್ದು ಬಲಗೈ ಉಳುಕಿತ್ತು ಸರ್. ಎಡಗೈಲಿ ಬರೆದೆ.”

ಸಮಿತಿಗೆ ಇದು ಒಪ್ಪುವ ಮಾತೇ ಅನ್ನಿಸಿತು. ಆದರೆ ಮುಖ್ಯೋಪಾಧ್ಯಾಯಿನಿ ಇಂಥ ಎಷ್ಟು ಜನರನ್ನು ನೋಡಿಲ್ಲ! ಗೋಡೆಯ ಕರಿಹಲಗೆ ತೋರಿಸಿ, “ಸರಿ, ಎಡಗೈಲೇ ಇನ್ನೊಂದು ಸಲ ಬರೀರಿ. ಅದೇ ಬೆಕ್ಕು” ಎಂದರು.

ಪೇಂಟರ್ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದರು. ಪಾಪ, ಆ ಕೈಗೂ ವಿದ್ಯೆ ಹತ್ತಿಬಿಟ್ಟಿತ್ತು. ಗೆರೆ ಸ್ವಲ್ಪ ನಡುಗಿತು, ಅಷ್ಟೆ. ಬಂದ ಬೆಕ್ಕಿಗೆ ನಾಲ್ಕೇ ಕಾಲು, ಎರಡು ಕಿವಿ, ಅಳೆದಿಟ್ಟ ಮೀಸೆ. ಅಳಿಸಿ ಮತ್ತೆ ಬರೆದರು. ಈ ಸಲ ಕಣ್ಣು ಮುಚ್ಚಿಕೊಂಡರು. ಆಗಲೂ ಹಾಳಾದ್ದು ಬೆಕ್ಕಿನ ಹಾಗೇ ಬಂತು! ಬೇಕೆಂದೇ ಮೂರು ಕಾಲು ಜಾಸ್ತಿ ಸೇರಿಸಿದರು, ಆದರೆ ಸೇರಿಸಿದ ಕಾಲುಗಳು ಕೂಡ ಸಾಲಾಗಿ, ಒಂದೇ ಅಳತೆಯಲ್ಲಿ ನಿಂತವು.

ಗೋಲಿಗೆ ತಡೆಯಲಾಗಲಿಲ್ಲ. “ಅಯ್ಯೋ ಅಪ್ಪಾ, ಹಾಗಲ್ಲ! ನಿಂಗೆ ಗೊತ್ತಾಗಲ್ಲ, ಬಿಡು.”

“ಸುಮ್ನಿರು ಪುಟ್ಟಾ” ಎಂದರು ಪೇಂಟರ್, ದನಿ ತಗ್ಗಿಸಿ.

“ನಿನ್ ಬೆಕ್ಕು ನಿಂತ್ಕೊಂಡಿದೆ. ನಂದು ಓಡ್ತಾ ಇತ್ತು. ಓಡುವಾಗ ಕಾಲು ಜಾಸ್ತಿ ಕಾಣ್ಸುತ್ತೆ.”

ಹೇಳಿದ್ದೇ ತಡ, ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರು ತೆಗೆದುಕೊಂಡು ಹಲಗೆಯ ಕೆಳತುದಿಯಲ್ಲಿ, ತನ್ನ ಕೈಗೆಟುಕುವಲ್ಲಿ, ಸರಸರನೆ ಬೆಕ್ಕು ಬರೆದೇಬಿಟ್ಟಳು. ಮುಖ ಒಂದು ಕಡೆ, ಮೀಸೆ ಇನ್ನೊಂದು ಕಡೆ, ಕಾಲುಗಳು ದಡಬಡ. ಒಂದು ಕ್ಷಣ ಅದು ಹಲಗೆಯಿಂದ ಇಳಿದು ಮೇಜಿನ ಕೆಳಗೆ ಓಡುತ್ತದೇನೋ ಎಂದು ನಾನೇ ಕಾಲು ಮೇಲೆತ್ತಿಕೊಂಡೆ. ಕಚೇರಿ ವ್ಯವಸ್ಥಾಪಕನಿಗೆ ಇದು ತರವಲ್ಲ, ಆದ್ದರಿಂದ ಕೂಡಲೇ ಇಳಿಸಿದೆ.

ಅಪರಾಧ ಎಲ್ಲರ ಕಣ್ಣೆದುರೇ ನಡೆದುಹೋಗಿತ್ತು.

“ಇಷ್ಟು ಸಲೀಸಾಗಿ ಬರೀತಾಳೆ ಅಂದ್ರೆ ಇದು ಮೊದಲನೇ ಸಲ ಅಲ್ಲ” ಎಂದರು ಮಾಲೀಕರು, ಧ್ವನಿ ಗಂಭೀರ ಮಾಡಿಕೊಂಡು. “ಮನೇಲಿ ದಿನಾ ನಡೀತಾ ಇದೆ.”

ಪೇಂಟರ್ ಆಗ ತಲೆ ಎತ್ತಿದರು. “ಹೌದು ಮೇಡಂ, ಅವಳೇ ಬರೆದದ್ದು. ಬೆಳಿಗ್ಗೆ ಎದ್ದು ನೋಡಿದೆ, ಮೇಜಿನ ಮೇಲಿತ್ತು. ನಾನು ಇಷ್ಟು ವರ್ಷದಿಂದ ಕುಂಚ ಹಿಡಿದಿದ್ದೀನಿ, ನನ್ನ ಕೈಲಿ ಒಂದು ಪ್ರಾಣಿನೂ ಓಡಿಲ್ಲ. ತುಂಬ ಖುಷಿಯಾಯ್ತು. ನಾನೇ ಅದನ್ನ ಅವಳ ಬ್ಯಾಗಿಗೆ ಹಾಕ್ದೆ.”

ತಪ್ಪೊಪ್ಪಿಗೆ ಎಂದು ನಾನು ಬರೆದುಕೊಂಡೆ.

ತೀರ್ಪು ಕಠಿಣವಾಗಿರಲಿಲ್ಲ. ನಮ್ಮದು ಮಕ್ಕಳ ಸ್ನೇಹಿ ಶಾಲೆ, ಬೈಯುವುದಿಲ್ಲ, ಹೊಡೆಯುವುದಿಲ್ಲ. ಸೂಚನಾ ಫಲಕದಲ್ಲಿ ಈ ಕೆಳಗಿನಂತೆ ಪ್ರಕಟಿಸಲಾಯಿತು:

“ಶಿಶು ವಿಭಾಗದ ವಿದ್ಯಾರ್ಥಿನಿಯೊಬ್ಬರು ಯಾರ ಸಹಾಯವೂ ಇಲ್ಲದೆ ಚಿತ್ರ ಬಿಡಿಸಿರುವುದು ದೃಢಪಟ್ಟಿದೆ. ವಯಸ್ಸನ್ನು ಪರಿಗಣಿಸಿ ಅವರನ್ನು ಶಾಲೆಯಿಂದ ತೆಗೆದಿರುವುದಿಲ್ಲ. ವರ್ಷಾಂತ್ಯದವರೆಗೆ ಅವರು ‘ಕೈ ಸಂಯಮ’ ತರಬೇತಿಗೆ ಹಾಜರಾಗತಕ್ಕದ್ದು. ಕೊನೆಯಲ್ಲಿ ಸಮಿತಿಯ ಸಮಕ್ಷಮದಲ್ಲಿ ಅವರ ಮುಂದೆ ಬಿಳಿ ಹಾಳೆ ಮತ್ತು ಬಣ್ಣದ ಪೆಟ್ಟಿಗೆಯನ್ನು ಇಡಲಾಗುವುದು. ಏನನ್ನೂ ಬರೆಯದಿದ್ದಲ್ಲಿ ಒಂದನೇ ತರಗತಿಗೆ ಬಡ್ತಿ ನೀಡಲಾಗುವುದು. ಬಣ್ಣದ ಪೆಟ್ಟಿಗೆಯನ್ನು ಎದುರಿನ ಅಂಗಡಿಯಿಂದಲೇ ಖರೀದಿಸತಕ್ಕದ್ದು.”

ಪೇಂಟರ್ ಒಪ್ಪಲಿಲ್ಲ. ಬೇರೆ ಶಾಲೆಗೆ ಸೇರಿಸುತ್ತೇನೆಂದು ಹಾರಾಡಿದರು. ಸೇರಿಸಲಿ, ಯಾರು ಬೇಡ ಅಂದರು? ಊರಿನ ಬೇರೆ ಶಾಲೆಗಳೆಲ್ಲ ನಮ್ಮ ನಿಯಮ ನೋಡಿ, ಮೆಚ್ಚಿ, ಇನ್ನೂ ಬಿಗಿ ಮಾಡಿಕೊಂಡಿದ್ದವು. ಒಂದು ಕಡೆ ಮಗುವಿನ ಅಳುವನ್ನೂ ತಾಯಿಯೇ ಅತ್ತು ಕೊಡಬೇಕಂತೆ. ಕೊನೆಗೆ ಅವರ ಹೆಂಡತಿ ಯೂನಿಫಾರ್ಮಿನಲ್ಲೇ ಆಸ್ಪತ್ರೆಯಿಂದ ಬಂದು, ನನ್ನ ಕಚೇರಿಯ ಬಾಗಿಲಲ್ಲೇ ಗಂಡನಿಗೆ ಹೇಳಿದರು: “ನಂಗೂ ಬೇಜಾರೇ ಕಣ್ರೀ. ಆದ್ರೆ ಅವಳ ಜೊತೆಯವರೆಲ್ಲ ಮುಂದಕ್ಕೆ ಹೋಗ್ತಾರೆ. ಇವಳೊಬ್ಬಳು ಅಲ್ಲೇ ಕೂತ್ಕೊಂಡು ಅಳ್ತಾಳೆ. ನಿಮಗೆ ಬೆಕ್ಕು ದೊಡ್ಡದಾ, ಮಗಳು ದೊಡ್ಡವಳಾ?”

ಪೇಂಟರ್ ತರಬೇತಿಯ ಒಪ್ಪಿಗೆ ಪತ್ರಕ್ಕೆ ಎಡಗೈಯಲ್ಲಿ ಸಹಿ ಹಾಕಿದರು. ಸಹಿ ಮಾತ್ರ ಬಹಳ ಅಂದವಾಗಿತ್ತು.

ತರಬೇತಿಯನ್ನು ಕ್ಲಾಸ್ ಟೀಚರ್ ಬಹು ಮಮತೆಯಿಂದ ನಡೆಸಿದರು. ಗೋಲಿ ಬಣ್ಣದ ಕಡೆ ಕೈ ಚಾಚಿದಾಗಲೆಲ್ಲ ಆ ಕೈಯನ್ನು ಮೃದುವಾಗಿ ಹಿಡಿದು, “ಅದು ನಿಂಗೆ ಬರಲ್ಲ ಕಂದಾ, ಅಪ್ಪ ಮಾಡ್ತಾರೆ” ಎನ್ನುತ್ತಿದ್ದರು. ಮೊದಮೊದಲು ಹುಡುಗಿ, “ಬರುತ್ತೆ ಮಿಸ್, ನೋಡಿ ಬೇಕಾದ್ರೆ” ಎಂದು ವಾದ ಮಾಡುತ್ತಿದ್ದಳು. ಬೆರಳಿನಿಂದ ಗಾಜಿನ ಮೇಲೆ, ನೀರು ಚೆಲ್ಲಿದ ಬೆಂಚಿನ ಮೇಲೆ, ಮುಂದೆ ಕೂತವನ ಬೆನ್ನ ಮೇಲೆ ಬರೆದು ಸಿಕ್ಕಿಬಿದ್ದದ್ದೂ ಉಂಟು. ಬರಬರುತ್ತಾ ಸುಧಾರಿಸಿದಳು. ಊಟದ ಡಬ್ಬಿ ತೆರೆಯುವುದಕ್ಕೂ, ಶೂ ಬಕಲು ಹಾಕುವುದಕ್ಕೂ ಅಪ್ಪನಿಗೆ ಕಾಯತೊಡಗಿದಳು. ಇವು ಪಠ್ಯದಲ್ಲಿರಲಿಲ್ಲ, ತಾನಾಗಿಯೇ ಕಲಿತದ್ದು. ಪ್ರಗತಿ ಪತ್ರದಲ್ಲಿ ಹವ್ಯಾಸ ಎಂಬಲ್ಲಿ ‘ತಂದೆ ಮಾಡುತ್ತಾರೆ’ ಎಂದು ನಮೂದಿಸಿ ಟೀಚರ್ ಬೆನ್ನು ತಟ್ಟಿದರು.

ಪರೀಕ್ಷೆಯ ದಿನ ಸಮಿತಿ ಪೂರ್ತಿ ಹಾಜರಿತ್ತು. ಪೋಷಕರೂ ಹಿಂದಿನ ಬೆಂಚುಗಳಲ್ಲಿ ತುಂಬಿದ್ದರು. ದವಡೆಯ ತಾಯಿ ಮುಂದೆಯೇ ಕೂತು ಗೋಲಿಗೆ ಕೈ ಬೀಸಿದರು, ಎಷ್ಟಾದರೂ ಹೆಂಗರುಳು. ಪೇಂಟರ್ ಮಗಳ ಪಕ್ಕದಲ್ಲಿ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ಬರುವಂತೆ ಕೂತಿದ್ದರು. ಮಣಿಕಟ್ಟು ಅಷ್ಟರಲ್ಲಿ ವಾಸಿಯಾಗಿತ್ತು.

ಹಾಳೆ ಇಡಲಾಯಿತು. ಬಣ್ಣದ ಪೆಟ್ಟಿಗೆ ತೆರೆಯಲಾಯಿತು. ಗೋಲಿ ಹಾಳೆಯನ್ನು ನೋಡಿದಳು. ಆಮೇಲೆ ಕಿತ್ತಳೆ ಬಣ್ಣದ ಕಡ್ಡಿಯನ್ನು ಎತ್ತಿಕೊಂಡಳು.

ಮುಖ್ಯೋಪಾಧ್ಯಾಯಿನಿ ಕುರ್ಚಿಯ ತುದಿಗೆ ಸರಿದರು. ಗೋಲಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮಾತ್ರ ಪೇಂಟರ್ ಮುಖ ನೋಡುತ್ತಿದ್ದೆ, ಯಾಕೆಂದರೆ ಅದು ಅರಳುತ್ತಿತ್ತು. ಆ ಮನುಷ್ಯನ ತುಟಿ ಸದ್ದಿಲ್ಲದೆ ಅಲುಗಿತು. “ಬರಿ” ಅಂದರೋ ಏನೋ. ನಿಯಮದ ಪ್ರಕಾರ ಪ್ರಚೋದನೆ. ಆದರೆ ನನಗೆ ಸರಿಯಾಗಿ ಕೇಳಿಸದ ಕಾರಣ ನಾನು ದಾಖಲಿಸಲಿಲ್ಲ.

ಗೋಲಿ ಬಣ್ಣದ ಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಪ್ಪನ ಕೈಗೆ ಕೊಟ್ಟಳು.

“ನೀನೇ ಬರಿ ಅಪ್ಪ. ನಂಗೆ ಬರಲ್ಲ.”

ಚಪ್ಪಾಳೆಯೋ ಚಪ್ಪಾಳೆ! ಕ್ಲಾಸ್ ಟೀಚರ್ ಅತ್ತೇಬಿಟ್ಟರು. ಅಂಗಡಿಯ ಮಾಲೀಕರು ಎದ್ದು ನಿಂತು, ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದ ಮಗುವನ್ನು ತಾವು ನೋಡಿಲ್ಲವೆಂದರು. ಒಂದನೇ ತರಗತಿಯ ಪ್ರವೇಶ ಪತ್ರವನ್ನು ಮುಖ್ಯೋಪಾಧ್ಯಾಯಿನಿ ಅಲ್ಲೇ ಸಹಿ ಮಾಡಿ ಕೊಟ್ಟರು. ತಾಯಿ ಮಗಳನ್ನು ತಬ್ಬಿಕೊಂಡು ಲೊಚಲೊಚನೆ ಮುತ್ತಿಟ್ಟರು. ಎಲ್ಲರೂ ನಗುತ್ತಿರುವುದನ್ನು ಕಂಡು ಗೋಲಿಗೂ ಖುಷಿಯಾಗಿ, ಇನ್ನೊಮ್ಮೆ ಜೋರಾಗಿ ಹೇಳಿದಳು: “ನಂಗೆ ಏನೂ ಬರಲ್ಲ!”

ಮತ್ತೆ ಚಪ್ಪಾಳೆ. ಈ ಸಲ ಪೇಂಟರ್ ಕೂಡ ತಟ್ಟಿದರು. ಕೈಯಲ್ಲಿ ಬಣ್ಣದ ಕಡ್ಡಿ ಇದ್ದುದರಿಂದ ಸದ್ದು ಅಷ್ಟು ಬರಲಿಲ್ಲ.